ಕೇಬಲ್ ಬಿಟ್ಟ ಮನೆಗೆ ಎಷ್ಟು ಎಂಬಿಪಿಎಸ್ ಸಾಕು?

ಹೊಸ ಇಂಟರ್ನೆಟ್ ಸಂಪರ್ಕ ಕೊಡಲು ಬಂದ ಹುಡುಗ ಚಪ್ಪಲಿ ಕಳಚುವ ಮೊದಲೇ ಕೇಳುವ ಪ್ರಶ್ನೆ, 'ಎಷ್ಟು ಎಂಬಿಪಿಎಸ್ ಹಾಕ್ಲಿ ಸಾರ್?' ಎಂಬುದು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ವೇಗದ ಅಳತೆ. ಮನೆಯವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. 'ಕೇಬಲ್ ತೆಗೆಸಿ ಟಿವಿಯನ್ನೂ ಇದರಲ್ಲೇ ನೋಡಬೇಕು ಅಂತಿದ್ದೀವಿ' ಎಂದು ಯಾರಾದರೂ ಹೇಳಿದರೆ ಮುಗಿಯಿತು, '200 ತಗೊಳ್ಳಿ, ಕಮ್ಮಿ ತಗೊಂಡ್ರೆ ಸುತ್ತುತ್ತೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಪರದೆಯ ನಡುವೆ ಗಿರಗಿರನೆ ತಿರುಗುವ ಆ ವೃತ್ತದ ಭಯವೇ ಇಂದು ಹೆಚ್ಚಿನ ವೇಗದ ಯೋಜನೆಗಳನ್ನು ಮಾರುತ್ತಿದೆ. ಆದರೆ ಟಿವಿ ನೋಡುವುದಕ್ಕೆ ನಿಜವಾಗಿ ಬೇಕಾದ ವೇಗವು ಮಾರಾಟವಾಗುವ ವೇಗಕ್ಕಿಂತ ಬಹಳ ಕಡಿಮೆ. ಚಿತ್ರ ನಿಲ್ಲುವುದಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಹೆಚ್ಚಿನವು ದರಪಟ್ಟಿಯ ಆ ಸಂಖ್ಯೆಯಲ್ಲಿ ಕಾಣಿಸುವುದೇ ಇಲ್ಲ.

ಕೇಬಲ್ ಬಿಡುವ ಮನಸ್ಸು ಏಕಾಏಕಿ ಹುಟ್ಟಿದ್ದಲ್ಲ. ಬೆಂಗಳೂರು ಮತ್ತು ಮೈಸೂರಿನಲ್ಲಿ 2013ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಬಂದು, ನೋಡುವ ಚಾನೆಲ್‌ಗೆ ಮಾತ್ರ ಹಣ ಕೊಡಿ ಎಂಬ ಭರವಸೆ ಸಿಕ್ಕಿತು. ನೂರು ಉಚಿತ ಚಾನೆಲ್‌ಗಳಿಗೆ ₹130 ಮೂಲಶುಲ್ಕ, ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿದರೆ ₹153.40, ಅದರ ಮೇಲೆ ಆಯ್ದುಕೊಂಡ ಪಾವತಿ ಚಾನೆಲ್‌ಗಳ ಬೆಲೆ. ಲೆಕ್ಕ ಪಾರದರ್ಶಕವಾಯಿತು ನಿಜ, ಬಿಲ್ ಮಾತ್ರ ಬಹಳಷ್ಟು ಮನೆಗಳಲ್ಲಿ ಇಳಿಯಲಿಲ್ಲ. 2024ರ ಜುಲೈನಲ್ಲಿ ಆ ಮೂಲಶುಲ್ಕದ ಮಿತಿಯನ್ನೂ ಟ್ರಾಯ್ ತೆಗೆದುಹಾಕಿತು. ಈ ನಡುವೆ ಫೋನಿನಲ್ಲಿ ಧಾರಾವಾಹಿ ನೋಡುವ ಅಭ್ಯಾಸ ಬೇರೂರಿತ್ತು. ಟ್ರಾಯ್ ಪ್ರಕಟಿಸುವ ಅಂಕಿಗಳಲ್ಲಿ ಡಿಟಿಎಚ್ ಚಂದಾದಾರರ ಸಂಖ್ಯೆ 2021ರಲ್ಲಿ ಸುಮಾರು 7 ಕೋಟಿ ಇದ್ದದ್ದು 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದಿದೆ.

ಈಗ ವೇಗದ ವಿಚಾರ. ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುವ ಲೆಕ್ಕದ ಪ್ರಕಾರ ಸಾಧಾರಣ ಎಚ್‌ಡಿ ಚಿತ್ರಕ್ಕೆ 3 ಎಂಬಿಪಿಎಸ್, ಪೂರ್ಣ ಎಚ್‌ಡಿ ಅಂದರೆ 1080ಪಿ ಚಿತ್ರಕ್ಕೆ 5 ಎಂಬಿಪಿಎಸ್, ಅದಕ್ಕಿಂತಲೂ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ಯೂಟ್ಯೂಬ್‌ನ ಲೆಕ್ಕವೂ ಹೆಚ್ಚುಕಡಿಮೆ ಇದೇ; 1080ಪಿಗೆ 5, 4ಕೆಗೆ 20 ಎಂದು ಅದು ಹೇಳುತ್ತದೆ. ಇಡೀ ಜಗತ್ತಿಗೆ ಚಲನಚಿತ್ರ ಹರಿಸುವ ಕಂಪನಿಯೇ ತನ್ನ ಅತ್ಯುತ್ತಮ ಚಿತ್ರಕ್ಕೆ 15 ಸಾಕು ಎನ್ನುವಾಗ, ಒಂದು ಟಿವಿ ಇರುವ ಮನೆಗೆ 200 ಏಕೆ ಬೇಕು ಎಂದು ಬಾಗಿಲಲ್ಲಿ ನಿಂತ ಹುಡುಗನನ್ನು ಧಾರಾಳವಾಗಿ ಕೇಳಬಹುದು.

ಇಲ್ಲೊಂದು ಸಣ್ಣ ಗೊಂದಲವನ್ನು ಬಿಡಿಸಿಕೊಳ್ಳಬೇಕು. ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಕಡತದ ಗಾತ್ರವನ್ನು ಅಳೆಯುವುದು ಬೈಟ್‌ಗಳಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್. 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 40 ಎಂಬಿ ಇಳಿಯುವುದಿಲ್ಲ, 5 ಎಂಬಿ ಇಳಿಯುತ್ತದೆ. 'ನಲವತ್ತು ಕೊಡ್ತೀವಿ ಅಂತ ಹೇಳಿ ಐದು ಕೊಡ್ತಿದ್ದಾರೆ' ಎಂಬ ದೂರುಗಳಲ್ಲಿ ಹಲವು ಈ ಎಂಟರ ಭಾಗಾಕಾರವನ್ನು ಮರೆತದ್ದರಿಂದ ಹುಟ್ಟಿದವು.

ಮತ್ತೊಂದು ಮಾತು. ಸ್ಟ್ರೀಮಿಂಗ್‌ನಲ್ಲಿ, ಅಂದರೆ ಇಂಟರ್ನೆಟ್‌ನಿಂದ ಇಳಿಯುತ್ತಿರುವಾಗಲೇ ನೋಡುವಾಗ, ಚಿತ್ರವು ಸಮನಾದ ಒಂದೇ ಧಾರೆಯಾಗಿ ಹರಿದುಬರುವುದಿಲ್ಲ. ಒಂದೊಂದು ಸಂಚಿಕೆಯನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ಟಿವಿಯಲ್ಲಿರುವ ಆ್ಯಪ್ ಆ ಕ್ಷಣದ ವೇಗ ನೋಡಿ ಮುಂದಿನ ತುಣುಕು ಯಾವ ಗುಣಮಟ್ಟದ್ದು ಬೇಕೆಂದು ತಾನೇ ತೀರ್ಮಾನಿಸಿ, ಮುಂಚಿತವಾಗಿ ಒಂದಷ್ಟನ್ನು ತಂದು ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ವೇಗ ಕುಸಿದಾಗ ಮೊದಲು ಆಗುವುದು ಚಿತ್ರ ಮಸುಕಾಗುವುದು. ಕೂಡಿಟ್ಟದ್ದೆಲ್ಲ ಖರ್ಚಾದ ಮೇಲಷ್ಟೇ ವೃತ್ತ ತಿರುಗತೊಡಗುತ್ತದೆ. ವೃತ್ತ ತಿರುಗಿತೆಂದರೆ ವೇಗ 200ರಿಂದ 100ಕ್ಕೆ ಇಳಿದಿದೆ ಎಂದಲ್ಲ, ಒಂದೆರಡು ಎಂಬಿಪಿಎಸ್‌ಗೆ ಬಿದ್ದಿದೆ ಅಥವಾ ಸಂಪರ್ಕವೇ ಆ ಕ್ಷಣ ಕಡಿದಿದೆ ಎಂದರ್ಥ. ಹಾಗೆ ಬಿದ್ದ ಸಂಪರ್ಕವನ್ನು ಹೆಚ್ಚಿನ ಯೋಜನೆ ಎತ್ತಿ ನಿಲ್ಲಿಸಲಾರದು.

ಒಂದು ಸಾಮಾನ್ಯ ಮನೆಯ ರಾತ್ರಿ ಎಂಟರ ಹೊತ್ತನ್ನು ಲೆಕ್ಕ ಹಾಕೋಣ. ಹಜಾರದ ಟಿವಿಯಲ್ಲಿ ಪೂರ್ಣ ಎಚ್‌ಡಿ, ಅದಕ್ಕೆ 5. ಒಳಗಿನ ಕೋಣೆಯಲ್ಲಿ ಅಜ್ಜಿಯ ಧಾರಾವಾಹಿ, ಮತ್ತೊಂದು 5. ಮಗನ ಫೋನಿನಲ್ಲಿ ಯೂಟ್ಯೂಬ್, ಎರಡೂವರೆ. ಅಮೆರಿಕದ ಕಚೇರಿಯೊಂದಿಗೆ ಸೊಸೆಯ ವಿಡಿಯೊ ಸಭೆ, 4. ಎಲ್ಲರ ಫೋನುಗಳ ಚಿಲ್ಲರೆ ಕೆಲಸಕ್ಕೆಂದು ಇನ್ನೊಂದು 5. ಒಟ್ಟು ಇಪ್ಪತ್ತೊಂದೂವರೆ. ಏರುಪೇರುಗಳಿಗೆ ಅರ್ಧದಷ್ಟು ಹೆಚ್ಚುವರಿ ಇಟ್ಟುಕೊಂಡರೂ 32 ಆಗುತ್ತದೆ. ಹಜಾರದ ಟಿವಿ 4ಕೆ ಆಗಿದ್ದು, ಅದರಲ್ಲಿ ನಿಜಕ್ಕೂ 4ಕೆ ಚಿತ್ರವೇ ಓಡುತ್ತಿದ್ದರೆ ಲೆಕ್ಕ 47ರ ಸುತ್ತ ನಿಲ್ಲುತ್ತದೆ. ಐದು ಜನರ ಮನೆಯ ಅತಿ ಬಿಡುವಿಲ್ಲದ ಗಳಿಗೆಯ ಲೆಕ್ಕವಿದು. ಇಬ್ಬರೇ ಇರುವ ಮನೆಗೆ 30 ಎಂಬಿಪಿಎಸ್‌ನಲ್ಲಿ ಅರ್ಧ ಭಾಗ ಸದಾ ಖಾಲಿಯೇ ಇರುತ್ತದೆ.

ಹಾಗಾದರೆ 100 ಯಾರಿಗೆ ಬೇಕು? ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವವರಿಗೆ. 50 ಜಿಬಿಯ ಒಂದು ಗೇಮ್ ಇಳಿಯಲು 30 ಎಂಬಿಪಿಎಸ್‌ನಲ್ಲಿ ಮೂರೂ ಮುಕ್ಕಾಲು ಗಂಟೆ ಬೇಕು, 100ರಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಸಾಕು. ಇಳಿಯುವಷ್ಟು ಹೊತ್ತೂ ಆ ಗೇಮ್ ಸಿಕ್ಕಷ್ಟು ವೇಗವನ್ನೆಲ್ಲ ಬಾಚಿಕೊಳ್ಳುವುದರಿಂದ ಪಕ್ಕದ ಕೋಣೆಯ ಧಾರಾವಾಹಿಗೆ ಪೆಟ್ಟು ಬೀಳುವುದೂ ಉಂಟು. ಹರೆಯದ ಮಕ್ಕಳಿರುವ ಮನೆಗೆ 100 ದುಂದಲ್ಲ ಎಂದು ನಾನು ಒಪ್ಪುತ್ತೇನೆ. ಆದರೆ ಅದು ಗೇಮ್‌ನ ಖರ್ಚು, ಟಿವಿಯದಲ್ಲ.

ಹಣದ ಲೆಕ್ಕದಲ್ಲಿ ಒಂದು ಕುತೂಹಲದ ಕಾಕತಾಳೀಯವಿದೆ. ಜಿಯೋ 2020ರಲ್ಲಿ ಪ್ರಕಟಿಸಿದ ದರಗಳಲ್ಲಿ 30 ಎಂಬಿಪಿಎಸ್‌ಗೆ ತಿಂಗಳಿಗೆ ₹399, 100 ಎಂಬಿಪಿಎಸ್‌ಗೆ ₹699 ಇತ್ತು. ಜಿಎಸ್‌ಟಿ ಸೇರಿಸಿದರೆ ಒಂದು ₹471, ಇನ್ನೊಂದು ₹825. ಎರಡರ ನಡುವಿನ ಅಂತರ ₹354. ನಮ್ಮ ಬೀದಿಯಲ್ಲಿ ಕೇಬಲ್‌ನವರಿಗೆ ಕೊಡುತ್ತಿದ್ದ ತಿಂಗಳ ಹಣ ₹350. ಅಂದರೆ ಕೇಬಲ್ ಕಡಿದು ಉಳಿಸಿದ್ದನ್ನು ಬೇಡದ ವೇಗಕ್ಕೆ ಕೊಟ್ಟು ಕೈತೊಳೆದುಕೊಂಡಂತಾಯಿತು. ಆ್ಯಪ್‌ಗಳ ಚಂದಾ ಹಣ ಮೇಲಿನಿಂದ ಬಂದ ಹೊಸ ಹೊರೆ. ಕೇಬಲ್ ಬಿಟ್ಟ ಮೇಲೂ ತಿಂಗಳ ಖರ್ಚು ಏರಿತೆಂದು ಗೊಣಗುವ ಮನೆಗಳಲ್ಲಿ ಹಣ ಸೋರುವುದು ಸಾಮಾನ್ಯವಾಗಿ ಈ ತೂತಿನಿಂದಲೇ.

ಕೇಬಲ್‌ಗೂ ಇಂಟರ್ನೆಟ್ ಟಿವಿಗೂ ಇರುವ ಮೂಲಭೂತ ವ್ಯತ್ಯಾಸವನ್ನು ತಿಳಿಯದೆ ರಾತ್ರಿಯ ತೊಂದರೆ ಅರ್ಥವಾಗುವುದಿಲ್ಲ. ಕೇಬಲ್ ತಂತಿಯಲ್ಲಿ ಎಲ್ಲ ಚಾನೆಲ್‌ಗಳೂ ಎಲ್ಲ ಹೊತ್ತೂ ಒಟ್ಟಿಗೇ ಹರಿಯುತ್ತಿರುತ್ತವೆ. ಬಾಕ್ಸ್ ಅದರಲ್ಲಿ ಒಂದನ್ನು ಹೆಕ್ಕಿಕೊಳ್ಳುತ್ತದೆ. ಬೀದಿಯಲ್ಲಿ ಒಬ್ಬರು ನೋಡಿದರೂ ನೂರು ಮಂದಿ ನೋಡಿದರೂ ತಂತಿಗೆ ಭಾರ ಒಂದೇ. ಇಂಟರ್ನೆಟ್‌ನಲ್ಲಿ ಹಾಗಲ್ಲ, ಪ್ರತಿ ಮನೆಗೂ ಪ್ರತ್ಯೇಕ ಪ್ರತಿ ಹೋಗಬೇಕು. ಊರ ಕೆರೆಯ ಕಾಲುವೆಗೂ ಮನೆಮನೆಯ ನಲ್ಲಿಗೂ ಇರುವ ವ್ಯತ್ಯಾಸವಿದು. ಎಲ್ಲರೂ ಏಕಕಾಲಕ್ಕೆ ನಲ್ಲಿ ತಿರುಗಿಸಿದರೆ ಒತ್ತಡ ಇಳಿಯುತ್ತದೆ.

ನಮ್ಮ ಮನೆಗಳಿಗೆ ಬರುವ ಫೈಬರ್‌ನಲ್ಲಿ ಹೆಚ್ಚಿನದು ಜಿಪಾನ್ ಎಂಬ ತಂತ್ರದ್ದು. ಅದರಲ್ಲಿ ಒಂದು ಮೂಲ ಎಳೆಯ ಮೇಲೆ ಸುಮಾರು 2,488 ಎಂಬಿಪಿಎಸ್ ಹರಿಯುತ್ತದೆ; ಬೀದಿ ತುದಿಯ ಕಂಬದ ಮೇಲಿರುವ ಸಣ್ಣ ಪೆಟ್ಟಿಗೆಯಲ್ಲಿ ಆ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅರುವತ್ತನಾಲ್ಕು ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಕೇಳಿದರೆ ಒಬ್ಬೊಬ್ಬರಿಗೆ ಸಿಗುವುದು 39 ಎಂಬಿಪಿಎಸ್. ಹಾಗೆ ಎಲ್ಲರೂ ಕೇಳುವ ಸಂದರ್ಭ ಬರುವುದಿಲ್ಲವಾದ್ದರಿಂದ ಕಂಪನಿಗಳು ಪ್ರತಿಯೊಬ್ಬರಿಗೂ 100, 200, 300 ಎಂದು ಮಾರಬಲ್ಲವು, ಅದರಲ್ಲಿ ಮೋಸವೇನೂ ಇಲ್ಲ. ಈ ಭಾಗದಲ್ಲಿ ಇಕ್ಕಟ್ಟು ಆಗುವುದೂ ಅಪರೂಪ. ಇಕ್ಕಟ್ಟು ಆಗುವುದು ಅದರಾಚೆ, ಬಡಾವಣೆಯ ಸಣ್ಣ ಸೇವಾದಾರ ತಾನು ದೊಡ್ಡ ಕಂಪನಿಯಿಂದ ಎಷ್ಟು ಸಾಮರ್ಥ್ಯ ಕೊಂಡಿದ್ದಾನೆ ಎಂಬಲ್ಲಿ. ಅವನು ಅಲ್ಲಿ ಜಿಪುಣತನ ಮಾಡಿದ್ದರೆ ರಾತ್ರಿ ಎಂಟರಿಂದ ಹತ್ತೂವರೆಯವರೆಗೆ 50ರವನೂ 200ರವನೂ ಒಂದೇ ಸಾಲಿನಲ್ಲಿ ನಿಂತು ಒದ್ದಾಡುತ್ತಾರೆ. ಆದ್ದರಿಂದ ಸಂಪರ್ಕ ಪಡೆಯುವ ಮೊದಲು ಕೇಳಬೇಕಾದದ್ದು ಕಂಪನಿಯನ್ನಲ್ಲ, ಅದೇ ಬೀದಿಯಲ್ಲಿ ಅದೇ ಸಂಪರ್ಕ ಇರುವ ಪಕ್ಕದ ಮನೆಯವರನ್ನು. ಕೇಳಬೇಕಾದ ಪ್ರಶ್ನೆಯೂ 'ಎಷ್ಟು ಸ್ಪೀಡ್' ಎಂದಲ್ಲ, 'ರಾತ್ರಿ ಒಂಬತ್ತಕ್ಕೆ ಹೇಗಿರುತ್ತೆ' ಎಂದು.

ನನ್ನ ಅನುಭವಕ್ಕೆ ಬಂದ ತೊಂದರೆ ಮಾತ್ರ ಇನ್ನೂ ಹತ್ತಿರದ್ದಾಗಿತ್ತು. ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ 100 ಎಂಬಿಪಿಎಸ್ ಸಂಪರ್ಕವಿದ್ದೂ ಹಿಂಬದಿಯ ಕೋಣೆಯಲ್ಲಿ ಅಮ್ಮನ ಟಿವಿ ದಿನಾ ಎಂಟೂವರೆಗೆ ನಿಲ್ಲುತ್ತಿತ್ತು. ಎರಡು ಸಲ ದೂರು ಕೊಟ್ಟೆವು, ಎರಡು ಸಲವೂ ಬಂದವರು ಹಜಾರದಲ್ಲಿ ಫೋನ್ ಹಿಡಿದು 'ನೋಡಿ, 96 ಬರ್ತಾ ಇದೆ' ಎಂದು ತೋರಿಸಿ, 200ರ ಯೋಜನೆಗೆ ಏರಿಸಿಕೊಳ್ಳಿ ಎಂದು ಹೇಳಿ ಹೋದರು. ಮೂರನೆಯ ದಿನ ನಾನೇ ಅದೇ ಪರೀಕ್ಷೆಯನ್ನು ಅಮ್ಮನ ಮಂಚದ ಮೇಲೆ ಕುಳಿತು ಮಾಡಿದೆ. 7 ಬಂತು. ಬಾಗಿಲು ಹಾಕಿ ಇನ್ನೊಮ್ಮೆ ನೋಡಿದರೆ 3. ತಂತಿ ಮನೆಯೊಳಗೆ ಬಂದದ್ದು ಮುಂಬಾಗಿಲ ಮೇಲಿನಿಂದ, ಆದ್ದರಿಂದ ರೂಟರ್ ಅನ್ನು ಅಲ್ಲೇ, ಚಪ್ಪಲಿ ಗೂಡಿನ ಮೇಲೆ, ಕಬ್ಬಿಣದ ಮೀಟರ್ ಪೆಟ್ಟಿಗೆಯ ಮಗ್ಗುಲಿಗೆ ಕೂರಿಸಿದ್ದರು. ಅಲ್ಲಿಂದ ಅಮ್ಮನ ಕೋಣೆಗೆ ಒಂದೂವರೆ ಅಡಿ ದಪ್ಪದ ಎರಡು ಗೋಡೆ, ನಡುವೆ ಒಂದು ಸ್ಟೀಲ್ ಬೀರು. ಹದಿನೈದು ಮೀಟರ್ ಲ್ಯಾನ್ ತಂತಿ ತಂದು ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಹೊಡೆದು ಟಿವಿಯ ಹಿಂಬದಿಗೆ ನೇರವಾಗಿ ಸಿಕ್ಕಿಸಿದ ದಿನದಿಂದ ವೃತ್ತ ತಿರುಗಿದ್ದಿಲ್ಲ. ತಂತಿಗಾದ ಖರ್ಚು ₹400ರೊಳಗೆ. ಆಮೇಲೆ ಯೋಜನೆಯನ್ನು 40ಕ್ಕೆ ಇಳಿಸಿದೆವು. ಅಮ್ಮನಿಗೆ ಈವರೆಗೂ ಅದು ಗೊತ್ತಿಲ್ಲ.

ವೈಫೈ ವಿಚಾರದಲ್ಲಿ ಇದು ವಿಶೇಷ ಪ್ರಕರಣವೇನಲ್ಲ. ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಗೋಡೆ ದಾಟಬಲ್ಲದು, ಆದರೆ ನಿಧಾನ. ಮೇಲಾಗಿ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ರೂಟರ್‌ಗಳೂ ಅದೇ ಪಟ್ಟಿಯಲ್ಲಿ ಕೂಗಾಡುತ್ತಿರುತ್ತವೆ. ಎರಡನೆಯದು ವೇಗದ್ದು, ಆದರೆ ಗೋಡೆಯೆದುರು ಸೋಲುತ್ತದೆ. ಅಗ್ಗದ ಯೋಜನೆಯೊಂದಿಗೆ ಬರುವ ರೂಟರ್‌ನಲ್ಲಿ ಮೊದಲನೆಯ ಪಟ್ಟಿ ಮಾತ್ರ ಇರುವುದುಂಟು, ಅಗ್ಗದ ಟಿವಿಗಳೂ ಅದನ್ನಷ್ಟೇ ಹಿಡಿಯುವುದುಂಟು. ಟಿವಿ ಕೊಳ್ಳುವಾಗ ಯಾರೂ ನೋಡದ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ: ಬಹುತೇಕ ಟಿವಿಗಳ, ದುಬಾರಿಯವುಗಳದ್ದೂ ಸೇರಿ, ಹಿಂಬದಿಯಲ್ಲಿರುವ ಲ್ಯಾನ್ ಕಿಂಡಿಯ ಗರಿಷ್ಠ ಸಾಮರ್ಥ್ಯವೇ 100 ಎಂಬಿಪಿಎಸ್. 300ರ ಯೋಜನೆ ಹಾಕಿಸಿ ತಂತಿ ಎಳೆದರೂ ಆ ಕಿಂಡಿಯಿಂದ ಒಳಗೆ ಹೋಗುವುದು ನೂರೇ. ತಯಾರಕರು ಅಷ್ಟಕ್ಕೇ ಬಿಟ್ಟಿರುವುದು ಜಿಪುಣತನದಿಂದ ಮಾತ್ರವಲ್ಲ, ಟಿವಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ ಎಂಬುದು ಅವರಿಗೂ ಗೊತ್ತು.

ವೇಗ ಪರೀಕ್ಷೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಸಾಮಾನ್ಯ ಪರೀಕ್ಷೆಯ ಆ್ಯಪ್‌ಗಳು ಹತ್ತಿರದ ಸರ್ವರ್ ಹುಡುಕುತ್ತವೆ, ಎಷ್ಟೋ ಸಲ ಅದು ಸೇವಾದಾರನ ಜಾಲದೊಳಗೇ ಇರುತ್ತದೆ. ಅಂಗಳದೊಳಗೇ ಓಡಿಸಿ ಕುದುರೆಯ ವೇಗ ಅಳೆದ ಹಾಗೆ. ನೆಟ್‌ಫ್ಲಿಕ್ಸ್ ನಡೆಸುವ ಫಾಸ್ಟ್ ಡಾಟ್ ಕಾಮ್ ತನ್ನದೇ ವಿಡಿಯೊ ಸರ್ವರ್‌ಗಳಿಂದ ಅಳೆಯುವುದರಿಂದ ಟಿವಿಯ ದೃಷ್ಟಿಯಿಂದ ಹೆಚ್ಚು ನಂಬಬಹುದಾದದ್ದು. ಎಲ್ಲಕ್ಕಿಂತ ಮುಖ್ಯವಾಗಿ ಪರೀಕ್ಷೆಯನ್ನು ಟಿವಿ ಇರುವ ಜಾಗದಲ್ಲಿ, ಟಿವಿ ನೋಡುವ ಹೊತ್ತಿನಲ್ಲಿ ಮಾಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹಜಾರದಲ್ಲಿ ಬಂದ 96ರಿಂದ ಯಾರಿಗೂ ಪ್ರಯೋಜನವಿಲ್ಲ.

ವೇಗಕ್ಕಿಂತ ಹೆಚ್ಚು ಗಮನಿಸಬೇಕಾದ ಇನ್ನೊಂದು ಸಂಖ್ಯೆ ಯೋಜನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದು ತಿಂಗಳ ಡೇಟಾ ಮಿತಿ. 'ಅನ್‌ಲಿಮಿಟೆಡ್' ಎಂದು ಮಾರುವ ಫೈಬರ್ ಯೋಜನೆಗಳಲ್ಲಿ ಇದು ಸಾಮಾನ್ಯವಾಗಿ 3,300 ಜಿಬಿ. ಪೂರ್ಣ ಎಚ್‌ಡಿ ಚಿತ್ರ ಗಂಟೆಗೆ ಸುಮಾರು 2.25 ಜಿಬಿ, 4ಕೆ ಚಿತ್ರ 6.75 ಜಿಬಿ ನುಂಗುತ್ತದೆ. ದಿನಕ್ಕೆ ಹದಿನಾರು ಗಂಟೆ 4ಕೆ ನೋಡಿದರಷ್ಟೇ 3,300 ಮುಗಿಯುತ್ತದೆ, ಅಷ್ಟು ನೋಡುವವರಿಗೆ ಡೇಟಾಕ್ಕಿಂತ ಬೇರೆ ಚಿಂತೆಗಳಿರಬೇಕು. ಆದರೆ ಫೈಬರ್ ತಲುಪದ ಕಡೆ 5ಜಿ ತರಂಗದ ಮೂಲಕ ಮನೆಗೆ ಇಂಟರ್ನೆಟ್ ಕೊಡುವ ಯೋಜನೆಗಳು ಬಂದಿವೆ. ಬೆಂಗಳೂರಿನಲ್ಲಿ ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರ್‌ನಲ್ಲೇ ಶುರುವಾಯಿತು. ಇಂಥವುಗಳ ಮಿತಿ 1,000 ಜಿಬಿ. ದಿನಕ್ಕೆ ಐದು ಗಂಟೆ 4ಕೆ ನೋಡುವ ಮನೆ ತಿಂಗಳು ಮುಗಿಯುವ ಮುನ್ನವೇ ಅದನ್ನು ದಾಟುತ್ತದೆ. ಮಿತಿ ದಾಟಿದ ಮೇಲೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಸರ್ಕಾರದ ವ್ಯಾಖ್ಯಾನದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು 2013ರಿಂದ 512 ಕೆಬಿಪಿಎಸ್ ಇದ್ದರೆ ಸಾಕಾಗಿತ್ತು, 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಆ 2 ಎಂಬಿಪಿಎಸ್ ದೊಡ್ಡ ಪರದೆಯ ಮೇಲೆ ಸಾಧಾರಣ ಎಚ್‌ಡಿ ಚಿತ್ರಕ್ಕೂ ಸಾಲದು.

4ಕೆಯ ಮೋಹವನ್ನೂ ಸ್ವಲ್ಪ ಕೆದಕಬೇಕು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ದೊಡ್ಡ ಪರದೆ ಕೊಳ್ಳುವುದು ಇನ್ನಷ್ಟು ಸಲೀಸಾಗಿದೆ. ಆದರೆ ಟಿವಿ 4ಕೆ ಆದಮಾತ್ರಕ್ಕೆ ಬರುವ ಚಿತ್ರ 4ಕೆ ಆಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಇಳಿಸಿದ ದರಗಳ ಪ್ರಕಾರ 4ಕೆ ಸಿಗುವುದು ತಿಂಗಳಿಗೆ ₹649ರ ಯೋಜನೆಯಲ್ಲಿ ಮಾತ್ರ; ₹499ರಲ್ಲಿ 1080ಪಿ. ಕನ್ನಡದ ದಿನನಿತ್ಯದ ಧಾರಾವಾಹಿಗಳಂತೂ 1080ಪಿ ದಾಟುವುದಿಲ್ಲ. ಅಜ್ಜಿಯ ಧಾರಾವಾಹಿಗಾಗಿ 4ಕೆ ಲೆಕ್ಕದಲ್ಲಿ ವೇಗ ಕೊಳ್ಳುವುದು, ಎತ್ತಿನಗಾಡಿಗಾಗಿ ಎಂಟು ಪಥದ ರಸ್ತೆ ಹಾಸಿದಂತೆ.

ಇನ್ನು ಎಷ್ಟು ವೇಗ ಕೊಂಡರೂ ಸರಿಹೋಗದ ಒಂದು ಕೊರತೆಯಿದೆ. ನೇರ ಪ್ರಸಾರದಲ್ಲಿ ಸ್ಟ್ರೀಮಿಂಗ್ ಯಾವಾಗಲೂ ಹಿಂದೆ. ತುಣುಕು ಕತ್ತರಿಸಿ, ಹಲವು ಗುಣಮಟ್ಟದಲ್ಲಿ ಸಿದ್ಧಪಡಿಸಿ, ಮನೆಯಲ್ಲಿ ಒಂದಷ್ಟು ಕೂಡಿಟ್ಟುಕೊಂಡು ತೋರಿಸುವಷ್ಟರಲ್ಲಿ ಇಪ್ಪತ್ತು ನಲವತ್ತು ಸೆಕೆಂಡು ಕಳೆದಿರುತ್ತದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಹದಿನೆಂಟು ವರ್ಷಗಳ ಮೇಲೆ ಮೊದಲ ಬಾರಿಗೆ ಕಪ್ ಎತ್ತಿದಾಗ, ಸ್ಟ್ರೀಮಿಂಗ್‌ನಲ್ಲಿ ನೋಡುತ್ತಿದ್ದ ನಮಗೆ ಪಂಜಾಬ್‌ನ ಪ್ರತಿ ವಿಕೆಟ್ಟೂ ಮೊದಲು ಕೇಳಿಸಿದ್ದು, ಆಮೇಲೆ ಕಂಡದ್ದು. ಎದುರುಮನೆಯಲ್ಲಿ ಕೇಬಲ್ ಇತ್ತು. ಬೌಲರ್ ನಮ್ಮ ಪರದೆಯಲ್ಲಿ ಇನ್ನೂ ಓಟ ಶುರುಮಾಡಿರುತ್ತಿರಲಿಲ್ಲ, ಆ ಮನೆಯಿಂದ ಪಟಾಕಿಯ ಸದ್ದು ಬಂದಾಗಿರುತ್ತಿತ್ತು. ಕ್ರಿಕೆಟ್ಟಿಗಾಗಿಯೇ ಟಿವಿ ಇಟ್ಟುಕೊಂಡಿರುವವರು ಈ ಒಂದು ಕಾರಣಕ್ಕೆ ಕೇಬಲ್ ಅಥವಾ ಡಿಶ್ ಉಳಿಸಿಕೊಂಡರೆ ಅದನ್ನು ಹಳೆಯ ಕಾಲದ ಹಟವೆಂದು ನಗಬೇಕಾಗಿಲ್ಲ.

ನನ್ನ ಪ್ರಕಾರ ವೇಗದ ಪ್ರಶ್ನೆಗಿಂತ ಮೊದಲು ಬರಬೇಕಾದದ್ದು ಪಟ್ಟಿಯ ಪ್ರಶ್ನೆ. ಮನೆಯಲ್ಲಿ ಯಾರು ಯಾವುದನ್ನು ನೋಡುತ್ತಾರೆ ಎಂದು ಒಂದು ವಾರ ಬರೆದಿಟ್ಟುಕೊಂಡರೆ ಬಹಳಷ್ಟು ತಾನಾಗಿ ತಿಳಿಯಾಗುತ್ತದೆ. ಕೇಬಲ್‌ನಲ್ಲಿ ಒಂದೇ ರಿಮೋಟಿನಲ್ಲಿ ಸಿಗುತ್ತಿದ್ದ ಕನ್ನಡ ಚಾನೆಲ್‌ಗಳು ಇಂಟರ್ನೆಟ್‌ನಲ್ಲಿ ಬೇರೆ ಬೇರೆ ಮನೆಗಳಲ್ಲಿವೆ. ಜೀ ಕನ್ನಡದ ಧಾರಾವಾಹಿ ಬೇಕೆಂದರೆ ಜೀ5. ಉದಯ ಟಿವಿಯದು ಬೇಕೆಂದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದು ಕಾಲದಲ್ಲಿ ಎದುರಾಳಿಗಳಾಗಿದ್ದವು. ಮಾತೃಸಂಸ್ಥೆಗಳು ವಿಲೀನವಾಗಿ 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್ ಹುಟ್ಟಿದ ಮೇಲೆ ಎರಡೂ ಒಂದೇ ಸೂರಿನಡಿ ಬಂದಿವೆ, ಬಿಗ್ ಬಾಸ್ ಮತ್ತು ಐಪಿಎಲ್ ಕೂಡ ಅಲ್ಲೇ. ಅತ್ತೆಗೆ ಜೀ, ಸೊಸೆಗೆ ಕಲರ್ಸ್, ಮಾವನಿಗೆ ಉದಯದ ಹಳೆಯ ಸಿನಿಮಾ ಎಂದಾದರೆ ಮೂರು ಚಂದಾ ಬೇಕು. ಸುದ್ದಿಗಾಗಿ ಮಾತ್ರ ಹಣ ಕೊಡಬೇಕಿಲ್ಲ. ಟಿವಿ9, ಪಬ್ಲಿಕ್ ಟಿವಿಯಂಥ ಕನ್ನಡ ಸುದ್ದಿವಾಹಿನಿಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ನೇರ ಪ್ರಸಾರವಾಗುತ್ತವೆ. ದೂರದರ್ಶನದ ಚಂದನ ಪ್ರಸಾರ ಭಾರತಿಯ ಉಚಿತ ಡಿಡಿ ಫ್ರೀ ಡಿಶ್‌ನಲ್ಲಿ ಸಿಗುತ್ತದೆ. ಡಿಶ್ ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಎಂಬುದೇ ಇಲ್ಲ.

ಈ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಕಂಪನಿಗಳು ಕೊಡುವ 'ಓಟಿಟಿ ಉಚಿತ' ಕಟ್ಟುಗಳ ನಿಜವಾದ ಬೆಲೆ ಗೊತ್ತಾಗುತ್ತದೆ. ಕೆಳಹಂತದ ಯೋಜನೆಗಳಲ್ಲಿ ಆ್ಯಪ್‌ಗಳು ಇರುವುದಿಲ್ಲ, ಮೇಲಿನ ಯೋಜನೆಗಳಲ್ಲಿ ಹತ್ತು ಹದಿನೈದು ಹೆಸರುಗಳನ್ನು ಪೇರಿಸಿರುತ್ತಾರೆ. ಅದರಲ್ಲಿ ನಮಗೆ ಬೇಕಾದ ಎರಡು ಇದ್ದರೆ, ಬಿಡಿಯಾಗಿ ಅವಕ್ಕೆ ಕೊಡುವ ಹಣಕ್ಕೆ ಹೋಲಿಸಿ 30ರಿಂದ 100ಕ್ಕೆ ಏರುವುದು ಲಾಭವೇ ಆಗಬಹುದು. ಆಗ ನಾವು ಕೊಳ್ಳುತ್ತಿರುವುದು ವೇಗವನ್ನಲ್ಲ, ಆ್ಯಪ್‌ಗಳನ್ನು ಎಂಬ ಅರಿವಿದ್ದರೆ ಸಾಕು. ಆ ಉಚಿತ ಚಂದಾ ಟಿವಿಯಲ್ಲಿ ನಡೆಯುತ್ತದೆಯೋ, ಫೋನಿಗೆ ಮಾತ್ರ ಸೀಮಿತವೋ, ಏಕಕಾಲಕ್ಕೆ ಎಷ್ಟು ಪರದೆಗಳಿಗೆ ಅವಕಾಶವಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಫೋನಿಗೆ ಮಾತ್ರ ನಡೆಯುವ ಚಂದಾವನ್ನು ನಂಬಿ ಕೇಬಲ್ ತೆಗೆಸಿದವರು ನಮ್ಮ ಬಂಧುವರ್ಗದಲ್ಲೇ ಇದ್ದಾರೆ.

ವಯಸ್ಸಾದವರ ಮನೆಯಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಅವರಿಗೆ ಚಾನೆಲ್ ಎಂದರೆ ಒಂದು ಸಂಖ್ಯೆ, ರಿಮೋಟಿನಲ್ಲಿ ಒತ್ತಿದೊಡನೆ ಬರಬೇಕಾದದ್ದು. ಆ್ಯಪ್ ತೆರೆದು, ಹೆಸರುಗಳ ಸಾಲಿನಲ್ಲಿ ತಮ್ಮದನ್ನು ಹುಡುಕಿ, ನಿನ್ನೆಯ ಸಂಚಿಕೆಯೋ ಇವತ್ತಿನದೋ ಎಂದು ನೋಡಿ ಒತ್ತುವುದು ಅವರಿಗೆ ಟಿವಿ ನೋಡಿದಂತೆ ಅನ್ನಿಸುವುದೇ ಇಲ್ಲ. ಆ್ಯಪ್ ಒಂದು ದಿನ ತಾನೇ ಲಾಗೌಟ್ ಆಗಿ, ಒಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗಿ, ಮಗ ಸಭೆಯಲ್ಲಿದ್ದು ಫೋನ್ ಎತ್ತದೆ, ಊರಿನಲ್ಲಿ ಆ ರಾತ್ರಿಯ ಧಾರಾವಾಹಿ ತಪ್ಪಿಹೋದದ್ದು ಎಷ್ಟು ಮನೆಗಳ ಕಥೆಯಲ್ಲ! ಇಂಥ ಮನೆಗಳಿಗೆ ಸರಿಹೊಂದಬಹುದಾದ ನಡುದಾರಿ, ಬ್ರಾಡ್‌ಬ್ಯಾಂಡ್ ಕಂಪನಿಗಳೇ ಫೈಬರ್ ಮೇಲೆ ಬಾಕ್ಸ್ ಇಟ್ಟು ಮಾಮೂಲಿ ಚಾನೆಲ್‌ಗಳನ್ನು ಕೊಡುವ ಐಪಿಟಿವಿ. ಜಿಯೋ, ಏರ್‌ಟೆಲ್, ಬಿಎಸ್ಎನ್ಎಲ್ ಮೂರೂ ಈ ಹಾದಿ ಹಿಡಿದಿವೆ. ಚಿತ್ರ ಹೊರಗಿನ ಇಂಟರ್ನೆಟ್ ಸುತ್ತಿ ಬರದೆ ಕಂಪನಿಯ ಜಾಲದೊಳಗೇ ಹರಿಯುವುದರಿಂದ ರಾತ್ರಿಯ ಇಕ್ಕಟ್ಟು ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಮಲೆನಾಡು ಕರಾವಳಿಯವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಟಿಎಚ್ ಡಿಶ್‌ಗಳು ಬಳಸುವ ಕು ಬ್ಯಾಂಡ್ ತರಂಗ ಜಡಿಮಳೆಯಲ್ಲಿ ಕ್ಷೀಣಿಸುತ್ತದೆ, 'ಸಿಗ್ನಲ್ ಇಲ್ಲ' ಎಂಬ ಫಲಕ ಆಷಾಢದಲ್ಲಿ ಅಲ್ಲಿ ಮನೆಮಾತು. ಫೈಬರ್‌ಗೆ ಮಳೆಯ ಹಂಗಿಲ್ಲ; ಆದರೆ ವಿದ್ಯುತ್ ಕಂಬ, ಅಡಿಕೆ ಮರಗಳ ಮೇಲೆ ಎಳೆದು ತಂದ ಎಳೆಯ ಮೇಲೆ ಕೊಂಬೆ ಬಿದ್ದರೆ ಜೋಡಿಸುವವನು ಬರುವವರೆಗೆ ಕಾಯಬೇಕು, ಆ ಸಂಪರ್ಕ ಎಷ್ಟು ವೇಗದ್ದಾಗಿತ್ತು ಎಂಬುದು ಆಗ ಅಪ್ರಸ್ತುತ. ಕರೆಂಟು ಹೋದರೆ ಟಿವಿಗೆ ಇನ್ವರ್ಟರ್ ಇದ್ದರೂ ರೂಟರ್‌ಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ರೂಟರ್‌ಗೆಂದೇ ಸಿಗುವ ಅಂಗೈಯಗಲದ 12 ವೋಲ್ಟ್ ಯುಪಿಎಸ್ ಇಂಥ ಕಡೆ 100 ಎಂಬಿಪಿಎಸ್‌ಗಿಂತ ಹೆಚ್ಚು ಉಪಕಾರಿ. ಕುತೂಹಲದ ಸಂಗತಿಯೆಂದರೆ, ಸಣ್ಣ ಊರುಗಳಲ್ಲಿ ಆ ಎಳೆ ಜೋಡಿಸಲು ಏಣಿ ಹೊತ್ತು ಬರುವವನು ಬಹಳ ಸಲ ಹಳೆಯ ಕೇಬಲ್‌ನವನೇ. ಬಿಎಸ್ಎನ್ಎಲ್ ತನ್ನ ಫೈಬರ್ ಸಂಪರ್ಕವನ್ನು ಮನೆಗಳಿಗೆ ತಲುಪಿಸುವುದು ಹೆಚ್ಚಾಗಿ ಇಂಥ ಸ್ಥಳೀಯ ಪಾಲುದಾರರ ಮೂಲಕವೇ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಇಂಟರ್ನೆಟ್ ಸೇವಾದಾರ ಆ್ಯಕ್ಟ್ ಕೂಡ ಮೊದಲಿಗೆ ಕೇಬಲ್ ಟಿವಿಯ ಕಂಪನಿ. ಗ್ರಾಹಕ ಕೇಬಲ್ ಬಿಡುತ್ತಿರಬಹುದು, ಕೇಬಲ್‌ನವನು ಗ್ರಾಹಕನನ್ನು ಬಿಟ್ಟಿಲ್ಲ.

ಬದಲಾಯಿಸುವ ಕ್ರಮದಲ್ಲೂ ಅವಸರ ಸಲ್ಲದು. ಆರು ತಿಂಗಳು ಅಥವಾ ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ, ಹೆಚ್ಚುವರಿ ತಿಂಗಳು, ಉಚಿತ ಜೋಡಣೆ ಎಂದೆಲ್ಲ ಆಮಿಷ ಇರುತ್ತದೆ. ಆದರೆ ನಿಮ್ಮ ಬೀದಿಯಲ್ಲಿ ಅದರ ರಾತ್ರಿಯ ನಡವಳಿಕೆ ಗೊತ್ತಿಲ್ಲದೆ ವರ್ಷದ ಹಣ ಕೊಟ್ಟರೆ ಆಮೇಲೆ ದೂರು ಹೇಳುವುದಷ್ಟೇ ಕೈಯಲ್ಲಿರುತ್ತದೆ. ಸಂಪರ್ಕ ಕೊಡುವವರು ಒಪ್ಪಿದರೆ ತಿಂಗಳ ಯೋಜನೆಯಲ್ಲಿ, ಇರುವುದರಲ್ಲೇ ಕಡಿಮೆ ವೇಗದಿಂದ ಶುರುಮಾಡುವುದು ಲೇಸು. ವೇಗವನ್ನು ಯಾವ ದಿನ ಬೇಕಾದರೂ ಏರಿಸಿಕೊಡುತ್ತಾರೆ, ಇಳಿಸಲು ಮಾತ್ರ ಅವಧಿ ಮುಗಿಯುವವರೆಗೆ ಕಾಯಿಸುತ್ತಾರೆ. ತಂತಿ ಒಳಗೆ ತರುವ ದಿನವೇ ಟಿವಿ ಯಾವ ಗೋಡೆಗಿದೆ ಎಂದು ತೋರಿಸಿ, ರೂಟರ್ ಅಲ್ಲಿಯವರೆಗೆ ಬರಲಿ ಎಂದು ಹಟ ಹಿಡಿಯಬೇಕು. ಹತ್ತು ಮೀಟರ್ ಹೆಚ್ಚು ಎಳೆಯಲು ಅವರು ಆ ದಿನ ಗೊಣಗುತ್ತಾರೆ, ಮರುದಿನ ಕರೆದರೆ ಬರುವುದೇ ಇಲ್ಲ. ಕೇಬಲ್ ಸಂಪರ್ಕವನ್ನು ಆ ಒಂದು ತಿಂಗಳು ಹಾಗೇ ಉಳಿಸಿಕೊಂಡು, ನಡುವೆ ಒಂದು ಭಾನುವಾರದ ರಾತ್ರಿ, ಒಂದು ಕ್ರಿಕೆಟ್ ಪಂದ್ಯ, ಸಾಧ್ಯವಾದರೆ ಒಂದು ಜೋರು ಮಳೆ ಕಳೆಯಲಿ. ಆಮೇಲೆ ಕೇಬಲ್‌ನವನನ್ನು ಕರೆದು ಬಾಕ್ಸ್ ವಾಪಸು ಕೊಟ್ಟು, ಅದರ ಠೇವಣಿ ಕಟ್ಟಿದ್ದ ರಸೀದಿ ಇದ್ದರೆ ತೋರಿಸಿ ಹಣ ಕೇಳಬಹುದು.